ಎಲ್ಲರೂ ‘ಸರಿ ಇದೆ’ ಅಂದ ವಾರ

ಉಮಾನಾಥರಿಗೆ ಕೋಡ್ ಬರೆಯಲು ಬರುವುದಿಲ್ಲ. ಇದನ್ನು ಅವರೇ ಎಲ್ಲರೆದುರು ಹೇಳಿಕೊಳ್ಳುತ್ತಾರೆ, ಅದೂ ಎಳ್ಳಷ್ಟೂ ಸಂಕೋಚವಿಲ್ಲದೆ, ಮದುವೆಯ ಪಂಕ್ತಿಯಲ್ಲಿ ‘ಹೋಳಿಗೆ ಬೇಡ, ಪಾಯಸ ಮಾತ್ರ ಎರಡು ಸಲ ಬರಲಿ’ ಎನ್ನುವವರ ಧೈರ್ಯದಲ್ಲಿ. ಕೋಡ್ ಬಾರದೆಯೂ ಅವರು ಎಂಟು ವರ್ಷಗಳಿಂದ ಕೆನಡಾದ ಯೂನಿಯನ್‌ವಿಲ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ದಿನಾ ಬೆಳಿಗ್ಗೆ ಸ್ಕಾರ್‌ಬರೋದ ಮನೆಯಿಂದ ಹೊರಟು, ಎರಡು ಬಸ್ಸು ಬದಲಿಸಿ, ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ ಹಿಡಿದುಕೊಂಡು ಹೋಗಿ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಜೆ ವಾಪಸಾಗುವುದು ಅವರ ಕೆಲಸ. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುವ ದೇಶ ಇದು ಮಾರಾಯ್ರೆ ಎಂದು ಅವರು ನಗುವುದುಂಟು.

ಕಂಪನಿ ಮಾಡುವುದು ಒಂದೇ ಆ್ಯಪ್. ವಯಸ್ಸಾದವರನ್ನು ಮನೆ ಬಾಗಿಲಿಂದ ವ್ಯಾನಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ತಿರುಗಿ ಮನೆಗೆ ಬಿಡುವ ವ್ಯವಸ್ಥೆ ಇದೆಯಲ್ಲ, ಆ ವ್ಯಾನನ್ನು ಬುಕ್ ಮಾಡುವ ಆ್ಯಪ್. ಹನ್ನೊಂದು ಭಾಷೆಗಳಲ್ಲಿ ಇದೆ. ಅದರಲ್ಲಿ ಕನ್ನಡವೂ ಒಂದು. ಕನ್ನಡ ಅದರೊಳಗೆ ಬಂದು ಕೂತದ್ದು ಉಮಾನಾಥರು ಎರಡು ವರ್ಷ ಪ್ರತಿ ಮೀಟಿಂಗಿನ ಕೊನೆಯಲ್ಲೂ ಕೈ ಎತ್ತಿ ಎತ್ತಿ.

ಕೆನಡಾಕ್ಕೆ ಬರುವ ಮೊದಲು ಅವರು ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ವರ್ಷ ಟೈಮ್‌ಕೀಪರ್ ಆಗಿದ್ದರು. ಖಾಸಗಿ ಬಸ್ಸುಗಳ ರಾಜ್ಯ ಅದು. ಕುಂದಾಪುರದ ಬಸ್ಸು ಎರಡು ನಿಮಿಷ ಜಾಸ್ತಿ ನಿಂತರೆ ಹಿಂದಿನ ಬಸ್ಸಿನ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಜಗಳಕ್ಕೆ ನಿಲ್ಲುತ್ತಿದ್ದ. ಉಮಾನಾಥರು ಸೀಟಿ ಊದಿ, ಕೈಗಡಿಯಾರ ತೋರಿಸಿ, ಅವನನ್ನೂ ಇವನನ್ನೂ ಸಮಾಧಾನ ಮಾಡಿ ಕಳಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮೊದಲು ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು, ಸೊಂಟ ಹಿಡಿಯಿತು, ಆರು ತಿಂಗಳ ಟೆಸ್ಟಿಂಗ್ ಕೋರ್ಸು ಮಾಡಿದರು, ಇಂಟರ್‌ವ್ಯೂನಲ್ಲಿ ‘ಹಿಂದಿನ ಅನುಭವ ಏನು’ ಎಂದು ಕೇಳಿದ್ದಕ್ಕೆ ಬಸ್‌ಸ್ಟ್ಯಾಂಡಿನ ಕಥೆ ಹೇಳಿದರು, ಎದುರು ಕೂತಿದ್ದ ಮೂವರೂ ನಕ್ಕು ನಕ್ಕು ಕೆಲಸ ಕೊಟ್ಟರು.

ಹೀಗೆ ಸುಖವಾಗಿದ್ದ ಮನುಷ್ಯನ ಮೇಜಿನ ಹತ್ತಿರ ಕಳೆದ ವಸಂತದಲ್ಲಿ ಒಂದು ಸೋಮವಾರ ಚಿರಂತನ್ ಬಂದು ಕುರ್ಚಿ ಎಳೆದುಕೊಂಡು ಕೂತ. ಚಿರಂತನ್ ಬೆಂಗಳೂರಿನವನು, ಮೂವತ್ತನಾಲ್ಕು ವರ್ಷ, ಉಮಾನಾಥರ ಮ್ಯಾನೇಜರ್. ಸುತ್ತ ಯಾರೂ ಇಲ್ಲದಿದ್ದರೆ ಮಾತ್ರ ಕನ್ನಡ. ಅವನು ಕನ್ನಡದಲ್ಲಿ ಶುರು ಮಾಡಿದನೆಂದರೆ ವಿಷಯ ಗಂಭೀರ ಎಂದು ಲೆಕ್ಕ.

“ಸರ್, ಒಂದ್ ಬ್ಯಾಡ್ ನ್ಯೂಸ್ ಇದೆ. ಬೈಬೇಡಿ.”

“ಮೊದಲು ಹೇಳಿ, ಆಮೇಲೆ ಬೈಲಿಕ್ಕೆ ಉಂಟಾ ಇಲ್ವಾ ನೋಡುವ.”

“ಪ್ರತಿ ರಿಲೀಸಲ್ಲೂ ಚಿಕ್ಕ ಭಾಷೆಗಳ ಚೆಕಿಂಗಿಗೆ ಒಂಬತ್ತು ದಿನ ಹೋಗ್ತಿದೆ. ಇಂಗ್ಲಿಷ್, ಫ್ರೆಂಚ್, ಮ್ಯಾಂಡರಿನ್ ಎಲ್ಲಾ ಎರಡೇ ದಿನ. ಮೇಲಿನವ್ರು ಕೇಳ್ತಿದಾರೆ, ಈ ಐದು ಭಾಷೆ ಯಾಕೆ ಬೇಕು ಅಂತ. ಕನ್ನಡ, ಗುಜರಾತಿ, ಸಿಂಹಳ, ಮಲಯಾಳಂ, ನೇಪಾಳಿ. ಮುಂದಿನ ರಿಲೀಸಿಂದ ತೆಗೆಯೋಣ ಅಂತಿದಾರೆ.”

ಉಮಾನಾಥರು ಬೈಯಲಿಲ್ಲ. ಅವರ ಕಣ್ಣ ಮುಂದೆ ಬಂದದ್ದು ಕೊರಪ್ಪೊಳು ಮಾಮಿ.

ಕೊರಪ್ಪೊಳು ಮಾಮಿ ಅವರ ತಂದೆಯ ದಾಯಾದಿ ತಂಗಿ, ಎಪ್ಪತ್ತೆಂಟು ವರ್ಷ, ಸ್ಕಾರ್‌ಬರೋದಲ್ಲೇ ಮಗಳ ಮನೆಯಲ್ಲಿರುವುದು. ಮಂಡಿಗೆ ಆಪರೇಷನ್ ಆದ ಮೇಲೆ ವಾರಕ್ಕೆ ಮೂರು ಸಲ ಫಿಸಿಯೋಥೆರಪಿ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊದಲು ಪ್ರತಿ ಸಲವೂ ಯಾರನ್ನಾದರೂ ಬೇಡಬೇಕಿತ್ತು, ಯಾರಾದರೂ ರಜೆ ಹಾಕಬೇಕಿತ್ತು. ಮಾಮಿ ಮಾತನಾಡುವುದು ತುಳು, ಓದಲು ಬರುವುದು ಕನ್ನಡ, ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ, ಆದರೆ ಗಟ್ಟಿ ಕನ್ನಡ. ಆ್ಯಪ್ ಕನ್ನಡದಲ್ಲಿ ಬಂದ ದಿನದಿಂದ ಅವರು ತಾವೇ ಬುಕ್ ಮಾಡಿ, ತಾವೇ ಕೋಲೂರಿಕೊಂಡು ಹೋಗಿ, ತಾವೇ ಬರುತ್ತಾರೆ. ‘ನಂಗೆ ಯಾರ ಹಂಗೂ ಬೇಡ’ ಎಂದು ಮಗಳಿಗೆ ಹೇಳುವುದರಲ್ಲಿ ಅವರಿಗೆ ಸಿಗುವ ಖುಷಿ ಫಿಸಿಯೋಥೆರಪಿಯಲ್ಲೂ ಸಿಗುತ್ತಿರಲಿಲ್ಲ.

“ಎರಡು ದಿನದಲ್ಲಿ ಚೆಕಿಂಗ್ ಮುಗಿಸಿ ತೋರಿಸಿದ್ರೆ?” ಎಂದರು ಉಮಾನಾಥರು.

“ಎರಡು ದಿನದಲ್ಲಾ? ಹೇಗೆ ಸರ್?”

“ಹೇಗೆ ಅಂತ ನಾನು ನೋಡ್ತೇನೆ. ತೋರಿಸಿದ್ರೆ ಐದನ್ನೂ ಉಳಿಸ್ತೀರಾ ಇಲ್ವಾ, ಅದನ್ನು ಹೇಳಿ.”

“ಉಳಿಸ್ತೀನಿ. ಪ್ರಾಮಿಸ್. ಆದ್ರೆ ಮುಂದಿನ ರಿಲೀಸಿನ ಭಾಷೆಗಳ ಲಿಸ್ಟ್ ಕ್ಲೋಸ್ ಆಗೋಕೆ ಮೂರೇ ವಾರ ಇರೋದು.”

ಒಂಬತ್ತು ದಿನ ಯಾಕೆ ಹೋಗುತ್ತಿತ್ತು ಎನ್ನುವುದು ಉಮಾನಾಥರಿಗೆ ಚೆನ್ನಾಗಿಯೇ ಗೊತ್ತಿತ್ತು. ಅನುವಾದ ಒಂದು ಏಜೆನ್ಸಿಯಿಂದ ಬರುತ್ತದೆ. ಅದನ್ನು ಆಯಾ ಭಾಷೆಯ ಮೂವರು ಹೊರಗಿನವರು ಓದಿ ಒಪ್ಪಬೇಕು, ಆಫೀಸಿನವರು ತಾವೇ ತಂದು ತಾವೇ ಪಾಸು ಮಾಡುವಂತಿಲ್ಲ, ಅದು ಕಂಪನಿಯ ನಿಯಮ. ಕನ್ನಡಕ್ಕೆ ಇದ್ದ ಮೂವರಲ್ಲಿ ಹಿರಿಯರು ಸ್ಟೌಫ್‌ವಿಲ್‌ನ ರುದ್ರಪ್ಪನವರು, ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರು. ಉಮಾನಾಥರು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ಫೋನ್ ಎಂದರೆ ಏನು, ಮೊದಲು ಆರೋಗ್ಯ, ಆಮೇಲೆ ಹಿಮ, ಆಮೇಲೆ ತಮಿಳರ ಅಂಗಡಿಗೆ ಬಂದ ನುಗ್ಗೆಕಾಯಿ, ಆಮೇಲೆ ಮಕ್ಕಳ ಮದುವೆ, ಇದೆಲ್ಲದರ ನಡುವೆ ಎಲ್ಲೋ ಒಂದು ಕಡೆ, ‘ಅಂದಂಗ ಆ ನಾಲ್ಕನೇ ಸಾಲು ಇತ್ತಲ್ರೀ, ಅದು ಒಂಚೂರು…’ ಎಂದು ತಪ್ಪು ತಾನಾಗಿಯೇ ಉದುರುತ್ತಿತ್ತು. ಮುಕ್ಕಾಲು ಗಂಟೆ ಮಾತಿಗೆ ಒಂದು ತಪ್ಪು. ಹೀಗೆ ಅರವತ್ತು ಎಪ್ಪತ್ತು ಸಾಲು, ಐದು ಭಾಷೆ. ಒಂಬತ್ತು ದಿನ ಕಮ್ಮಿಯೇ.

ಅದೇ ವಾರ ಉಮಾನಾಥರು ಕಂಪನಿಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಒಂದು ಟೂಲನ್ನು ತೆರೆದರು. ಅದರಲ್ಲಿ ಕೋಡ್ ಬರೆಯಬೇಕಾಗಿಲ್ಲ, ಪರದೆಯ ಮೇಲೆ ಚೌಕಗಳನ್ನು ಎಳೆದು ತಂದು ಇಡುವುದು, ಒಂದು ಚೌಕದಿಂದ ಇನ್ನೊಂದಕ್ಕೆ ಬಾಣ ಹಾಕುವುದು, ಅಷ್ಟೇ, ಚೌಕಗಳು ತಮ್ಮ ತಮ್ಮ ಕೆಲಸ ತಾವೇ ಮಾಡಿಕೊಂಡು ಹೋಗುತ್ತವೆ. ಉಮಾನಾಥರಿಗೆ ನೋಡಿದ ಕೂಡಲೇ ಅರ್ಥವಾಯಿತು. ಇದು ಬಸ್ಸಿನ ರೂಟು! ಇಲ್ಲಿಂದ ಹೊರಟಿತು, ಇಲ್ಲಿ ನಿಂತಿತು, ಟಿಕೆಟ್ ಇಲ್ಲದವನನ್ನು ಇಳಿಸಿತು, ಮುಂದೆ ಹೋಯಿತು. ಹಿಗ್ಗಿಹೋದರು. ಮಧ್ಯಾಹ್ನದ ಡಬ್ಬಿ ಹಾಗೆಯೇ ಮನೆಗೆ ವಾಪಸು ಬಂತು, ಹೆಂಡತಿ ಪ್ರಜ್ಞಾ ಮೂಗಿಗೆ ಹಿಡಿದು ನೋಡಿ ‘ಯಾರ ಮೇಲೆ ಕೋಪ?’ ಎಂದು ಕೇಳಿದಳು.

ಹತ್ತು ದಿನದಲ್ಲಿ ರೂಟು ತಯಾರಾಯಿತು. ಏಜೆನ್ಸಿಯಿಂದ ಅನುವಾದ ಬಂದು ಶೀಟಿನಲ್ಲಿ ಬಿದ್ದ ತಕ್ಷಣ ಮೊದಲ ಚೌಕ ಎಚ್ಚರವಾಗುತ್ತದೆ. ಎರಡನೆಯದು ವಾಕ್ಯದ ಕಿಂಡಿಗಳನ್ನು ಎಣಿಸುತ್ತದೆ. ಕಿಂಡಿ ಎಂದರೆ ‘ನಿಮ್ಮ ವ್ಯಾನು ಇಷ್ಟು ಗಂಟೆಗೆ’ ಎನ್ನುವಲ್ಲಿ ಆ ‘ಇಷ್ಟು’ ಬಂದು ಕೂರಬೇಕಾದ ಖಾಲಿ ಜಾಗ. ಇಂಗ್ಲಿಷಿನಲ್ಲಿ ಎರಡು ಕಿಂಡಿ ಇದ್ದರೆ ಕನ್ನಡದಲ್ಲೂ ಎರಡು ಇರಬೇಕು. ಮೂರನೆಯದು ಅನುವಾದವನ್ನು ತಿರುಗಿ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ಹೋಲಿಸುತ್ತದೆ. ನಾಲ್ಕನೆಯದು ಆಯಾ ಭಾಷೆಯ ಮೂವರು ಹಿರಿಯರ ಫೋನಿಗೆ ಮೆಸೇಜು ಕಳಿಸುತ್ತದೆ: ‘ನಮಸ್ಕಾರ, ನಾನು ಉಮಾನಾಥ. ಈ ಸಾಲು ಹೇಗಿದೆ ನೋಡಿ ಹೇಳಿ.’ ಕೆಳಗೆ ಎರಡು ಗುಂಡಿ. ಹಸಿರು, ‘ಸರಿ ಇದೆ’. ಕೆಂಪು, ‘ಸರಿ ಇಲ್ಲ’. ಕಿಂಡಿಗಳಲ್ಲಿ ಉದಾಹರಣೆಗೆ ಒಂದೊಂದು ಸಮಯ ತುಂಬಿಯೇ ಕಳಿಸುವ ಏರ್ಪಾಡನ್ನೂ ಅವರು ಮರೆಯಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಬಸ್ಸು ಹೊರಟಿತು. ಅರವತ್ತನಾಲ್ಕು ಸಾಲು. ಉಮಾನಾಥರು ಕಾಫಿ ತರಲು ಹೋಗಿ ಬರುವುದರೊಳಗೆ ಹನ್ನೆರಡು ಹಸಿರು. ಊಟದ ಹೊತ್ತಿಗೆ ನಲವತ್ತು. ಸಂಜೆ ನಾಲ್ಕೂವರೆಗೆ ಐದೂ ಭಾಷೆಯ ಎಲ್ಲಾ ಸಾಲೂ, ಎಲ್ಲಾ ಎಂದರೆ ಎಲ್ಲಾ, ತಲೆಯಿಂದ ಬುಡದವರೆಗೆ ಗದ್ದೆಯ ಹಾಗೆ ಹಸಿರು! ಒಂಬತ್ತು ದಿನದ ಕೆಲಸ ಏಳೂವರೆ ಗಂಟೆಯಲ್ಲಿ.

ಶುಕ್ರವಾರ ಚಿರಂತನ್‌ಗೆ ತೋರಿಸಿದಾಗ ಅವನು ಕುರ್ಚಿಯಿಂದ ಎದ್ದೇ ಬಿಟ್ಟ.

“ಸಖತ್ ಸರ್! ಒಂದ್ ಲೈನ್ ಕೋಡ್ ಇಲ್ದೆ ಇದನ್ನ ಮಾಡಿದೀರಾ? ನಮ್ ಹುಡುಗ್ರು ಎರಡು ತಿಂಗಳು ಕೇಳ್ತಿದ್ರು!”

“ಹುಡುಗರಿಗೆ ಬಸ್‌ಸ್ಟ್ಯಾಂಡ್ ಗೊತ್ತಿಲ್ಲ ಅಲ್ವಾ” ಎಂದರು ಉಮಾನಾಥರು, ಮುಖ ಮಾತ್ರ ಏನೂ ಆಗದವರ ಹಾಗೆ ಇಟ್ಟುಕೊಂಡು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಲಿಸ್ಟ್ ಕ್ಲೋಸ್, ಐದೂ ಭಾಷೆ ಇರುತ್ತವೆ ಎಂದು ಚಿರಂತನ್ ಆಗಲೇ ಹೇಳಿಬಿಟ್ಟ. ಉಮಾನಾಥರು ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದಲ್ಲಿ ಕೂತಿದ್ದ ಪರಿಚಯವೇ ಇಲ್ಲದ ಚೀನೀ ಅಜ್ಜನಿಗೂ ನಗು ಹಂಚಿದರು.

ಭಾನುವಾರ ಕೊರಪ್ಪೊಳು ಮಾಮಿಯ ಮನೆಗೆ ಹೋದರು. ಮಾಮಿ ನೀರುದೋಸೆ ಹೊಯ್ದಿದ್ದರು, ಕೋಳಿ ಸಾರು ಇತ್ತು. ತಿಂದ ಮೇಲೆ ಉಮಾನಾಥರು ತಮ್ಮ ಫೋನಿನಲ್ಲಿ ಹೊಸ ಆ್ಯಪಿನ ಟೆಸ್ಟ್ ಕಾಪಿ ತೆರೆದು ಮಾಮಿಯ ಕೈಗಿಟ್ಟರು. ತೋರಿಸಿ ಹೊಗಳಿಸಿಕೊಳ್ಳುವ ಆಸೆ, ಮತ್ತೇನಿಲ್ಲ. ಇವರಿಬ್ಬರ ಮಾತು ತುಳುವಿನಲ್ಲೇ ನಡೆಯುವುದು, ಇಲ್ಲಿ ಬರೆಯುವಾಗ ಕನ್ನಡವಾಗಿದೆ.

ಮಾಮಿ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಪದ ಓದಿದರು. “‘ಹತ್ತು ಗಂಟೆಯ… ಭೇಟಿಗೆ…’ ಅಲ್ಲ ಅಲ್ಲ. ‘ಒಂಬತ್ತೂ ಕಾಲು ಗಂಟೆಯ ಡಾಕ್ಟರ್ ಭೇಟಿಗಾಗಿ ಹತ್ತು ಗಂಟೆಗೆ ವ್ಯಾನು ನಿಮ್ಮ ಮನೆಗೆ ಬರುತ್ತದೆ.’” ಕನ್ನಡಕ ಇಳಿಸಿ ಉಮಾನಾಥರನ್ನೇ ನೋಡಿದರು. “ಎಂತ ಇದು? ಡಾಕ್ಟ್ರು ನನ್ನನ್ನು ನೋಡಿ ಆದ ಮೇಲೆ ನಾನು ಹೊರಡುದಾ?”

“ಹೇ, ಹಾಗೆ ಇರ್ಲಿಕ್ಕಿಲ್ಲ ಮಾಮಿ. ಕೊಡಿ ಇಲ್ಲಿ.”

ಹಾಗೆಯೇ ಇತ್ತು. ಇಂಗ್ಲಿಷಿನಲ್ಲಿ ವ್ಯಾನಿನ ಸಮಯ ಮೊದಲು, ಡಾಕ್ಟರದ್ದು ಆಮೇಲೆ. ಅನುವಾದ ಮಾಡಿದವರು ವಾಕ್ಯವನ್ನು ಕನ್ನಡಕ್ಕೆ ತಕ್ಕಂತೆ ತಿರುಗಿಸಿದ್ದರು, ಕಿಂಡಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು. ಎಣಿಸುವ ಚೌಕ ಎಣಿಸಿತ್ತು, ಎರಡು ಇದೆ, ಹಸಿರು. ಹೋಲಿಸುವ ಚೌಕ ಹೋಲಿಸಿತ್ತು, ತೊಂಬತ್ತಾರು ಪರ್ಸೆಂಟ್ ಹೊಂದಿಕೆ, ಹಸಿರು. ಯಂತ್ರ ಬಿಡಿ, ಅದಕ್ಕೆ ಗಡಿಯಾರ ಗೊತ್ತಿಲ್ಲ. ಆದರೆ ಮೂವರು ಕನ್ನಡಿಗರು ಓದಿದ್ದರಲ್ಲ? ಹತ್ತು ಗಂಟೆ, ಒಂಬತ್ತೂ ಕಾಲು ಎಂದು ಸಮಯ ತುಂಬಿದ ಸಾಲನ್ನೇ ಓದಿ ಮೂವರೂ ‘ಸರಿ ಇದೆ’ ಒತ್ತಿದ್ದರಲ್ಲ?

ಹನ್ನೊಂದು ವರ್ಷ ಸೀಟಿ ಊದಿದ ಟೈಮ್‌ಕೀಪರನ ಕಿವಿ ಬಿಸಿಯಾಯಿತು. ಅಲ್ಲಿಂದಲೇ, ಮಾಮಿಯ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು, ರುದ್ರಪ್ಪನವರಿಗೆ ಫೋನ್ ಹಚ್ಚಿದರು.

“ರುದ್ರಪ್ಪನವ್ರೆ, ಗುರುವಾರ ಒಂದು ಸಾಲು ಕಳಿಸಿದ್ದೆ, ವ್ಯಾನು ಹತ್ತು ಗಂಟೆಗೆ, ಡಾಕ್ಟ್ರು ಒಂಬತ್ತೂ ಕಾಲಿಗೆ ಅಂತ. ನೋಡಿದ್ರಾ?”

“ನೋಡೀನ್ರೀ. ನನಗೂ ಅನಿಸ್ತು, ಇದೇನಪಾ, ಮದುವಿ ಮುಗದ ಮ್ಯಾಲೆ ದಿಬ್ಬಣ ಹೊಂಟಂಗಾತು ಅಂತ.”

“ಅನಿಸ್ತಾ! ಮತ್ತೆ ‘ಸರಿ ಇದೆ’ ಯಾಕೆ ಒತ್ತಿದ್ರಿ?”

“ಮತ್ತೇನ್ ಒತ್ತಲಿ? ಮ್ಯಾಲ ನಿಮ್ಮ ಹೆಸರು ಐತಿ, ನಮಸ್ಕಾರ ಅಂತೀರಿ, ಹೇಗಿದೆ ನೋಡ್ರಿ ಅಂತ ಪ್ರೀತಿಲೆ ಕೇಳ್ತೀರಿ. ಅದರ ಕೆಳಗ ಕೆಂಪು ಗುಂಡಿ ಒತ್ತಂದ್ರ ಹ್ಯಾಂಗ ಒತ್ತೂದ್ರೀ? ಊಟಕ್ಕ ಕರದವರ ಮನಿಯಾಗ ಕುಂತು ಉಪ್ಪು ಕಡಿಮಿ ಆಗೇತಿ ಅಂತಾರೇನು?”

“ಮೊದಲು ಫೋನಲ್ಲಿ ಹೇಳ್ತಿದ್ರಲ್ಲ ನೀವು!”

“ಫೋನಿನ್ಯಾಗ ಮಾತಿಗೆ ಮಾತು ಬರ್ತದ. ಮೆಲ್ಲಕ ಹೇಳಬಹುದು. ಈಗ ನೀವು ಫೋನ್ ಮಾಡೂದ ಬಿಟ್ಟೀರಿ. ಗುಂಡಿಗೆ ಮೆಲ್ಲಕ ಒತ್ತಿದ್ರೂ ಅಷ್ಟ, ಜೋರಾಗಿ ಒತ್ತಿದ್ರೂ ಅಷ್ಟ. ಅದಕ್ಕ ಹಸಿರೇ ಒತ್ತಿದೆ. ನೀವು ತಿದ್ದಕೋತೀರಿ ಅಂತ ಗೊತ್ತಿತ್ತು ಬಿಡ್ರಿ.”

ಇನ್ನಿಬ್ಬರಿಗೂ ಫೋನ್ ಮಾಡಿದರು. ಮಾತು ಬೇರೆ, ಅರ್ಥ ಅದೇ. ಒಬ್ಬರು ‘ನಿಮ್ಮ ಕೆಲಸಕ್ಕೆ ತೊಂದರೆ ಆಗಬಾರದಲ್ಲ’ ಎಂದರು. ಇನ್ನೊಬ್ಬರು ಓದಿಯೇ ಇರಲಿಲ್ಲ, ‘ನೀವು ಕಳಿಸಿದ್ದು ಅಂದಮೇಲೆ ಓದೋದೇನಿದೆ’ ಎಂದರು, ಅದನ್ನೂ ಹೊಗಳಿಕೆಯ ಹಾಗೆ.

ಮನೆಗೆ ಬಂದಾಗ ಸಂಜೆ ಐದು. ಪ್ರಜ್ಞಾ ಅಡಿಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದಳು. ಅವಳು ಮನೆ ಹತ್ತಿರದ ಪ್ಲಾಜಾದ ಔಷಧಿ ಅಂಗಡಿಯಲ್ಲಿ ಅಸಿಸ್ಟೆಂಟು, ಭಾನುವಾರ ರಜೆ. ಉಮಾನಾಥರು ಎದುರು ಕೂತು, ತಾವೂ ಒಂದು ಚಾಕು ತೆಗೆದುಕೊಂಡು, ನಡೆದದ್ದನ್ನೆಲ್ಲ ಹೇಳಿದರು. ಅವಳು ಮೊದಲು ಹೊಟ್ಟೆ ಹಿಡಿದು ನಕ್ಕಳು.

“ನಗ್ಲಿಕ್ಕೆ ಎಂತ ಉಂಟು? ಬುಧವಾರ ಲಿಸ್ಟ್ ಕ್ಲೋಸ್. ನಾನು ನಾಳೆ ಹೋಗಿ ಆ ಹಸಿರೆಲ್ಲ ಸುಳ್ಳು ಅಂತ ಹೇಳ್ಬೇಕು. ಹೇಳಿದ್ರೆ ಕನ್ನಡ ಹೋಗ್ತದೆ. ಹೇಳದಿದ್ರೆ ಮಾಮಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತು ವ್ಯಾನಿಗೆ ಕಾಯ್ತಾರೆ.”

“ತಪ್ಪು ನಿಮ್ಮದೇ ಅಲ್ವಾ. ನಮ್ಮ ಜನರ ಹತ್ರ ಹೋಗಿ ‘ಸರಿ ಉಂಟಾ’ ಅಂತ ಯಾರಾದ್ರೂ ಕೇಳ್ತಾರಾ? ನಮ್ಮ ಕೌಂಟರಿನಲ್ಲಿ ‘ಅರ್ಥ ಆಯ್ತಾ’ ಅಂತ ಕೇಳ್ಲಿಕ್ಕೇ ಇಲ್ಲ, ಗೊತ್ತುಂಟಾ? ಮೊದಲ ವಾರವೇ ಫಾರ್ಮಸಿಸ್ಟ್ ನನಗೆ ಬೈದದ್ದು. ಅರ್ಥ ಆಯ್ತಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ತಮಿಳರೂ ಹೂಂ, ಪಂಜಾಬಿಗಳೂ ಹೂಂ, ನಮ್ಮವರು ಕೇಳುವ ಮೊದಲೇ ಹೂಂ.”

“ಮತ್ತೆ ಎಂತ ಕೇಳುದು?”

“‘ಈ ಮಾತ್ರೆಯನ್ನು ಮನೆಗೆ ಹೋಗಿ ಹೇಗೆ ತೆಗೊಳ್ತೀರಿ, ನನಗೆ ಒಮ್ಮೆ ಹೇಳಿ’ ಅಂತ ಕೇಳುದು. ಆಗ ಅವರು ಹೇಳ್ತಾರೆ, ರಾತ್ರೆ ಎರಡು ತೆಗೊಳ್ತೇನೆ ಅಂತ. ಅಲ್ಲ ಅಮ್ಮ, ಬೆಳಿಗ್ಗೆ ಒಂದು ಅಂತ ನಾವು ಹೇಳುದು. ಅವರಿಗೆ ನಮ್ಮ ಮರ್ಯಾದೆ ತೆಗೆದ ಹಾಗೂ ಆಗುದಿಲ್ಲ, ನಮಗೆ ಗೊತ್ತಾಗ್ದೆ ಉಳಿಯುದೂ ಇಲ್ಲ.”

ಉಮಾನಾಥರ ಚಾಕು ನಿಂತಿತು. ಅವರು ಹೆಂಡತಿಯನ್ನು ನೋಡಿದ ರೀತಿಗೆ ಅವಳೇ ಗಾಬರಿಯಾದಳು.

“ಎಂತ ಆಯ್ತು? ಕೈ ಕೊಯ್ಕೊಂಡ್ರಾ?”

“ಇಲ್ಲ ಮಾರಾಯ್ತಿ! ನೀನು ಇಷ್ಟು ವರ್ಷ ಇದನ್ನು ನಂಗೆ ಯಾಕೆ ಹೇಳ್ಲಿಲ್ಲ?”

“ನೀವು ‘ಅಂಗಡಿ ಹೇಗುಂಟು’ ಅಂತ ಕೇಳ್ತೀರಿ, ನಾನು ‘ಸರಿ ಉಂಟು’ ಅಂತೇನೆ. ಅಷ್ಟೇ ಅಲ್ವಾ ಕೇಳುದು ನೀವು” ಎಂದಳು ಪ್ರಜ್ಞಾ, ಮತ್ತೆ ತೊಂಡೆಕಾಯಿ ಕಡೆ ತಿರುಗಿ.

ಸೋಮವಾರ ಬೆಳಿಗ್ಗೆ ಉಮಾನಾಥರು ಬ್ಯಾಗು ಮೇಜಿನ ಮೇಲಿಡದೆ ನೇರ ಚಿರಂತನ್ ಹತ್ತಿರ ಹೋದರು.

“ಚಿರಂತನ್, ಶುಕ್ರವಾರ ತೋರಿಸಿದೆನಲ್ಲ, ಅದು ಸುಳ್ಳು ಹಸಿರು. ನನ್ನ ಮುಖ ನೋಡಿ ಜನ ಒತ್ತಿದ್ದು.”

ಚಿರಂತನ್ ಕೈಯಲ್ಲಿದ್ದ ಬೇಗಲ್ ಬನ್ನನ್ನು ಕೆಳಗಿಟ್ಟ. “ಸರ್! ನಾನ್ ಆಲ್ರೆಡಿ ಮೇಲಿನವ್ರಿಗೆ ಮೇಲ್ ಹಾಕ್ಬಿಟ್ಟಿದೀನಿ!”

“ಗೊತ್ತು. ಅದಕ್ಕೇ ಮೊದಲು ನಿಮಗೆ ಹೇಳ್ತಿರುದು.” ವ್ಯಾನು ಮತ್ತು ಡಾಕ್ಟರ ಸಾಲನ್ನು ತೋರಿಸಿದರು.

ಚಿರಂತನ್ ಓದಿದ, ಇನ್ನೊಮ್ಮೆ ಓದಿದ. “ಅಯ್ಯೋ ರಾಮ. ಇದನ್ನ ಮೂರು ಜನ ಓಕೆ ಮಾಡಿದಾರಾ? ಸರ್, ಸುಮ್ನೆ ಹೇಳಿಬಿಡ್ತೀನಿ. ಇದು ಇಂಗ್ಲಿಷಲ್ಲಿ ಆಗಿದ್ರೆ ಬಗ್ ಅಂತಾರೆ. ಕನ್ನಡದಲ್ಲಿ ಆದ್ರೆ ‘ಕನ್ನಡ ಬೇಡ’ ಅಂತಾರೆ. ನಿಮ್ಗೆ ಗೊತ್ತಲ್ವಾ?”

“ಗೊತ್ತು. ಬುಧವಾರ ಹತ್ತು ಗಂಟೆಯವರೆಗೆ ಸಮಯ ಕೊಡಿ. ಅಷ್ಟರಲ್ಲಿ ಆಗದಿದ್ರೆ ನಾನೇ ಮೇಲ್ ಹಾಕ್ತೇನೆ, ತಪ್ಪು ನಂದು ಅಂತ.”

“ನಿಮ್ ಹೆಸರಲ್ಲಿ ಏನೂ ಹಾಕ್ಬೇಡಿ, ನಿಮ್ ಹೆಸರಿಂದಾನೇ ಇಷ್ಟೆಲ್ಲಾ ಆಗಿದ್ದು” ಎಂದ ಚಿರಂತನ್. ಇಬ್ಬರಿಗೂ ನಗು ಬಂತು, ಬರಬಾರದ ಹೊತ್ತಿನಲ್ಲಿ ಬರುವ ನಗು.

ಉಮಾನಾಥರು ನಾಲ್ಕನೆಯ ಚೌಕವನ್ನು ಕಿತ್ತು ಹಾಕಿದರು. ಹೆಸರು ತೆಗೆದರು, ನಮಸ್ಕಾರ ತೆಗೆದರು, ಹಸಿರು ಕೆಂಪು ಗುಂಡಿಗಳನ್ನೂ ತೆಗೆದರು. ಆ ಜಾಗದಲ್ಲಿ ಪ್ರಶ್ನೆ ಬಂತು. ‘ನಿಮ್ಮ ಅತ್ತೆಯ ಫೋನಿಗೆ ಈ ಮೆಸೇಜು ಬಂದಿದೆ. ಅವರು ಎಷ್ಟು ಗಂಟೆಗೆ ಬಾಗಿಲಲ್ಲಿ ನಿಲ್ಲಬೇಕು?’ ಕೆಳಗೆ ನಾಲ್ಕು ಸಮಯ, ಒಂದನ್ನು ಆರಿಸಬೇಕು. ರದ್ದು ಮಾಡುವ ಸಾಲಿಗೆ, ‘ಇದನ್ನು ಒತ್ತಿದರೆ ಅವರ ಬುಕಿಂಗ್ ಏನಾಗುತ್ತದೆ?’ ಗಾಲಿಕುರ್ಚಿಯ ಸಾಲಿಗೆ, ‘ಡ್ರೈವರು ಒಳಗೆ ಬರುತ್ತಾನೋ, ಹೊರಗೆ ಕಾಯುತ್ತಾನೋ?’ ಹೀಗೆ ಅರವತ್ತನಾಲ್ಕು ಸಾಲಿಗೆ ಅರವತ್ತನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಇಂಗ್ಲಿಷ್ ಮೂಲದ ಪ್ರಕಾರ ಬರಬೇಕಾದ ಉತ್ತರ. ಪ್ರಶ್ನೆಗಳು ಐದೂ ಭಾಷೆಗೆ ಒಂದೇ. ಮುಂದೆ ಒಂದು ಹೊಸ ಚೌಕ: ಮೂವರ ಉತ್ತರವೂ ಮೂಲಕ್ಕೆ ಹೊಂದಿದರೆ ಹಸಿರು, ಒಬ್ಬರದ್ದು ತಪ್ಪಿದರೂ ಕೆಂಪು, ಕೆಂಪಾದದ್ದು ತಾನೇ ಏಜೆನ್ಸಿಗೆ ವಾಪಸು. ತಪ್ಪು ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬಾಣ ಹೇಳುತ್ತದೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು ಎರಡನೇ ಸಲ ಹೊರಟಿತು. ಈ ಸಲ ಯಾವುದೂ ಓಡಲಿಲ್ಲ. ಒಂದೊಂದು ಗಂಟೆಗೆ ನಾಲ್ಕೋ ಐದೋ ಸಾಲು. ಜನ ಓದುತ್ತಿದ್ದರು! ಹನ್ನೊಂದಕ್ಕೆ ರುದ್ರಪ್ಪನವರ ಫೋನು.

“ಏನ್ರೀ ಉಮಾನಾಥ, ಇದು ನಿಮ್ಮ ಆಫೀಸಿನದ ಏನು? ಹೆಸರಿಲ್ಲ, ಊರಿಲ್ಲ, ಸಿಇಟಿ ಪರೀಕ್ಷಾ ಇದ್ದಂಗ ಐತಿ.”

“ನಮ್ಮದೇ. ಕಷ್ಟ ಆಗ್ತದಾ?”

“ಕಷ್ಟ ಎಲ್ಲಿದ್ರೀ, ಮಜಾ ಐತಿ. ನಮ್ಮಾಕಿ ಜೊತಿಗೆ ಕುಂತೀನಿ, ಇಬ್ಬರ ಉತ್ತರ ಬ್ಯಾರೆ ಬ್ಯಾರೆ ಬರಾಕತ್ತಾವ, ಜಗಳ ಹತ್ತೇತಿ. ಹದಿನೆಂಟನೇದರಾಗ ಅತ್ತೀನ ವಾಪಸ್ ಕರಕೊಂಡು ಬರೂದ ಇಲ್ಲೇನ್ರೀ? ಅಲ್ಲೇ ಬಿಟ್ಟು ಬರ್ತಾರೇನು?”

ಉಮಾನಾಥರು ಹದಿನೆಂಟನೆಯದನ್ನು ತೆರೆದರು. ಕೆಂಪು. ವಾಪಸು ಬರುವ ವ್ಯಾನಿನ ವಿಷಯ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ‘ವಾಪಸು’ ಎನ್ನುವ ಒಂದು ಪದವೇ ಬಿಟ್ಟುಹೋಗಿತ್ತು. ಗುರುವಾರ ಇದಕ್ಕೂ ಮೂರು ‘ಸರಿ ಇದೆ’ ಬಿದ್ದಿತ್ತು.

ಬುಧವಾರ ಒಂಬತ್ತೂ ಮುಕ್ಕಾಲಿಗೆ ಚಿರಂತನ್ ಬಂದ. ಪರದೆಯ ಮೇಲೆ ಕನ್ನಡ ಅರವತ್ತೊಂದು ಹಸಿರು, ಮೂರು ಕೆಂಪು. ಗುಜರಾತಿಯಲ್ಲಿ ಎರಡು ಕೆಂಪು, ಸಿಂಹಳದಲ್ಲಿ ಐದು, ಮಲಯಾಳಂ ಮತ್ತು ನೇಪಾಳಿಯಲ್ಲಿ ಒಂದೊಂದು. ಒಟ್ಟು ಹಿಡಿದದ್ದು ಇಪ್ಪತ್ತೈದು ಮುಕ್ಕಾಲು ಗಂಟೆ.

“ಕೆಂಪು ಇದೆಯಲ್ಲಾ ಸರ್” ಎಂದ ಚಿರಂತನ್, ತಲೆ ಕೆರೆಯುತ್ತ. “ಮೇಲಿನವ್ರಿಗೆ ಕೆಂಪು ತೋರಿಸೋದು ಹೇಗೆ?”

“ಕೆಂಪು ಇರುದಕ್ಕೇ ತೋರಿಸಿ. ಕಳೆದ ವಾರ ಒಂದೂ ಕೆಂಪು ಇರ್ಲಿಲ್ಲ, ಡಾಕ್ಟ್ರು ಹೋದ ಮೇಲೆ ವ್ಯಾನು ಬರ್ತಿತ್ತು. ಈ ವಾರ ಹನ್ನೆರಡು ಕೆಂಪು ಉಂಟು, ಹನ್ನೆರಡೂ ಯಾವುದು ಅಂತ ಗೊತ್ತುಂಟು, ಆಗಲೇ ಏಜೆನ್ಸಿಗೆ ಹೋಗಿ ಆಗಿದೆ. ಊಟದ ಹೊತ್ತಿಗೆ ತಿದ್ದಿ ಬರ್ತದೆ. ನೀವೇ ಹೇಳಿ, ನಿಮ್ಮ ಅಜ್ಜಿಯನ್ನು ಯಾವ ವಾರದ ವ್ಯಾನಿಗೆ ಹತ್ತಿಸ್ತೀರಿ?”

ಚಿರಂತನ್ ಮೌಸ್ ಹಿಡಿದು ಒಂದೊಂದೇ ಕೆಂಪನ್ನು ತೆರೆದು ನೋಡಿದ. ಹತ್ತಕ್ಕೆ ಎರಡು ನಿಮಿಷ ಇತ್ತು. ಉಮಾನಾಥರು ಗೋಡೆ ಗಡಿಯಾರ ನೋಡಿದರು, ಕೈಗಡಿಯಾರ ನೋಡಿದರು, ಎರಡರಲ್ಲೂ ಎರಡೇ ನಿಮಿಷ.

“ಫ್ರೆಂಚಿಗೂ ಇದನ್ನೇ ಓಡಿಸಿದ್ರೆ ಏನಾಗುತ್ತೆ ಸರ್?” ಎಂದ ಚಿರಂತನ್ ಕೊನೆಗೆ.

“ಎಂತ ಆಗ್ತದೆ? ಕೆಂಪು ಬರ್ತದೆ.”

“ಬರುತ್ತಲ್ವಾ!” ಚಿರಂತನ್‌ಗೆ ಈಗ ಹುರುಪು ಹತ್ತಿತು. “ಅಲ್ಲೂ ಎಲ್ಲಾ ಓಕೆ ಓಕೆ ಅಂತಾನೇ ಇರೋದು. ಸರ್, ಐದೂ ಇರ್ಲಿ. ಕನ್ನಡ ಲಿಸ್ಟಲ್ಲಿದೆ. ಬರೀತೀನಿ ಈಗ್ಲೇ.” ಬರೆದೇಬಿಟ್ಟ. ಹತ್ತಕ್ಕೆ ಸರಿಯಾಗಿ ಕಳಿಸಿದ. ಆಮೇಲೆ ಕುರ್ಚಿಗೆ ಒರಗಿ, “ಶುಕ್ರವಾರದ ಮೇಲನ್ನ ಮಾತ್ರ ಈಗ ನಾನು ನುಂಗ್ಬೇಕು. ಬನ್ನಿ, ಕಾಫಿ ಕುಡಿದು ನುಂಗ್ತೀನಿ” ಎಂದ.

ಅಲ್ಲಿಂದ ಮುಂದೆ ಉಮಾನಾಥರಿಗೆ ಬಂದ ತೊಂದರೆಯೇ ಬೇರೆ. ರುದ್ರಪ್ಪನವರಿಗೆ ರುಚಿ ಹತ್ತಿಬಿಟ್ಟಿತು. ಹೆಸರಿಲ್ಲದ ಮೆಸೇಜಿಗೆ ತಪ್ಪು ತೆಗೆಯುವುದರಲ್ಲಿ ದಾಕ್ಷಿಣ್ಯ ಯಾತರದ್ದು? ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವುದು ಬಿಟ್ಟು, ಅಕ್ಷರ ಸಣ್ಣದಾಯಿತು, ಬಣ್ಣ ಮಂಕಾಯಿತು, ಪ್ರಶ್ನೆಯಲ್ಲಿ ಬರೀ ಅತ್ತೆಯೇ ಯಾಕೆ ಬರುತ್ತಾಳೆ ಮಾವನಿಗೇನು ಕಾಯಿಲೆ ಬರುವುದಿಲ್ಲವೇ ಎಂದು ಸಾಲು ಸಾಲು ಬರೆದು ಕಳಿಸತೊಡಗಿದರು. ಉಮಾನಾಥರು ಒಂದು ಶನಿವಾರ ಅವರಿಗೆ ಫೋನ್ ಮಾಡಿದರು, ಕೆಲಸಕ್ಕಲ್ಲ, ಸುಮ್ಮನೆ. ಆರೋಗ್ಯದಿಂದ ಶುರುವಾಗಿ ನುಗ್ಗೆಕಾಯಿಯವರೆಗೆ ಒಂದು ಗಂಟೆ ಮಾತಾಯಿತು, ಒಂದು ತಪ್ಪೂ ಉದುರಲಿಲ್ಲ, ಇಬ್ಬರಿಗೂ ಸುಖವಾಯಿತು.

ಹೊಸ ಆ್ಯಪ್ ಹೊರಬಂದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಉಮಾನಾಥರ ಫೋನು ಬಡಿದುಕೊಂಡಿತು. ಕೊರಪ್ಪೊಳು ಮಾಮಿ. ಹಿಂದೆ ಗಾಡಿಯ ಸದ್ದು, ತಮಿಳು ರೇಡಿಯೋ.

“ಮಾಮಿ, ವ್ಯಾನು ಬಂತಾ?”

“ಬರ್ದೆ? ಒಂಬತ್ತೂ ಕಾಲಿಗೆ ಅಂತ ಇತ್ತು, ಒಂಬತ್ತೂ ಹದಿನಾಲ್ಕಕ್ಕೆ ಬಂದು ನಿಂತ. ಡಾಕ್ಟ್ರು ಹತ್ತಕ್ಕೆ. ವಾಪಸು ಹನ್ನೊಂದೂವರೆಗೆ, ಅದನ್ನೂ ಬರ್ದಿದ್ದಾರೆ ನೋಡು ಈ ಸಲ.”

“ಸರಿ ಉಂಟಾ ಎಲ್ಲಾ…” ಎಂದು ಬಾಯಿಗೆ ಬಂದದ್ದನ್ನು ಉಮಾನಾಥರು ನುಂಗಿಕೊಂಡು, “ವಾಪಸು ಬರುವಾಗ ಎಲ್ಲಿ ನಿಂತು ಕಾಯ್ತೀರಿ ಮಾಮಿ? ಒಮ್ಮೆ ಹೇಳಿ” ಎಂದರು.

“ಎಲ್ಲಿ ಅಂದ್ರೆ? ಎರಡನೇ ಬಾಗಿಲಲ್ಲಿ, ಬೆಂಚಿನ ಹತ್ರ, ಅದರಲ್ಲೇ ಉಂಟಲ್ಲ. ನಂಗೆ ಓದ್ಲಿಕ್ಕೆ ಬರ್ತದೆ ಮಾರಾಯ! ಈಗ ಫೋನ್ ಇಡು. ಈ ಹುಡುಗ ಎಡಕ್ಕೆ ತಿರುಗಿಸ್ಬೇಕಿತ್ತು, ನೆಟ್ಟಗೆ ಹೋಗ್ತಾ ಇದ್ದಾನೆ, ನಾನು ದಾರಿ ಹೇಳ್ಬೇಕು.”